ಸಹಾಯ ಬೇಕು: ಜನರಲ್ ತಿಮ್ಮಯ್ಯನವರ ಭಾಷಣ, ‘ತುಕಡಿ’ ಗೊಂದಲ

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಏಳನೇ ಕ್ಲಾಸಿನ ಮಗಳು ಆಗಸ್ಟ್ 15ಕ್ಕೆ ಜನರಲ್ ತಿಮ್ಮಯ್ಯನವರ ಬಗ್ಗೆ ಐದು ನಿಮಿಷ ಮಾತಾಡಬೇಕು. ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ್ದು, 1957ರಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ಹೊಣೆ ಹೊತ್ತಿದ್ದಾಗಲೇ ತೀರಿಕೊಂಡಿದ್ದು, ಇಷ್ಟು ಸಲೀಸಾಗಿ ಆಯಿತು. 1948ರ ನವೆಂಬರ್ ಚಳಿಯಲ್ಲಿ ಕಾಶ್ಮೀರದಿಂದ ಲಡಾಖ್‌ಗೆ ಹೋಗುವ ಬೆಟ್ಟದ ದಾರಿ, 11,000 ಅಡಿಗೂ ಎತ್ತರದ ಜೋಜಿಲಾಕ್ಕೆ ಟ್ಯಾಂಕ್ ಹತ್ತಿಸಿದ್ದನ್ನಂತೂ ಖುಷಿಯಿಂದ ಬರೆದೆ. ಆಗುಂಬೆ ಘಾಟಿಯಲ್ಲಿ ಬಸ್ಸು ತಿರುಗುವುದನ್ನು ನೋಡಿದವರಿಗೆ ಅದೆಂಥ ಕೆಲಸ ಅಂತ ಗೊತ್ತಾಗುತ್ತೆ, ಅಲ್ವಾ?

ಸಿಕ್ಕಿಹಾಕಿಕೊಂಡಿದ್ದು ಇಲ್ಲಿ. ಬರ್ಮಾದಲ್ಲಿ ಅವರು ಮೊದಲು ಬೆಟಾಲಿಯನ್ ನಡೆಸಿದರು, ಆಮೇಲೆ ಬ್ರಿಗೇಡ್. ಕಾಶ್ಮೀರದಲ್ಲಿ ಡಿವಿಷನ್. ಮೂರಕ್ಕೂ ‘ತುಕಡಿ’ ಅಂತ ಬರೆದಿದ್ದೆ. ಮಗಳು ಓದಿ, “ಅಪ್ಪಾ, ಮೂರು ಸಲಾನೂ ತುಕಡಿನೇ ಆದ್ರೆ ಪ್ರಮೋಷನ್ ಎಲ್ಲಿ ಸಿಕ್ತು?” ಅಂದಳು. ಉತ್ತರ ಇರಲಿಲ್ಲ.

ನಿಘಂಟು ನೋಡಿದೆ. ದಳ, ಪಡೆ, ದಂಡು, ಎಲ್ಲ ಒಂದರ ಮೇಲೊಂದು ಬರುತ್ತವೆ. ಬೆಟಾಲಿಯನ್‌ಗೆ ಹಳೇ ಮಾತು ‘ಪಟಾಲಂ’ ಚೆನ್ನಾಗಿದೆ, ಆದರೆ ನಮ್ಮಲ್ಲಿ ಪಟಾಲಂ ಅಂದರೆ ಕಟ್ಟೆ ಮೇಲೆ ಕೂರುವ ಪೋಲಿ ಹುಡುಗರು! ಇಂಗ್ಲಿಷ್ ಪದಾನೇ ಇಟ್ಟರೆ ಮಕ್ಕಳಿಗೆ ಯಾವುದು ದೊಡ್ಡದು ಅಂತ ತಿಳಿಯಲ್ಲ. ಸುಮಾರು 800 ಜನರ ಬೆಟಾಲಿಯನ್, ಅಂಥ ಮೂರು ಸೇರಿದರೆ ಬ್ರಿಗೇಡ್ ಅಂತ ಲೆಕ್ಕ ಹೇಳಹೊರಟರೆ ಐದು ನಿಮಿಷ ಅದರಲ್ಲೇ ಮುಗಿಯುತ್ತೆ.

ಸೈನ್ಯದಲ್ಲಿದ್ದವರು, ಕನ್ನಡ ಮೇಷ್ಟ್ರುಗಳು ಯಾರಾದರೂ ಹೇಳಿ: ಬೆಟಾಲಿಯನ್, ಬ್ರಿಗೇಡ್, ಡಿವಿಷನ್ ಈ ಮೂರಕ್ಕೂ ಬೇರೆ ಬೇರೆ ಕನ್ನಡ ಪದ ಬಳಕೆಯಲ್ಲಿ ಇವೆಯಾ? ಇದ್ದರೆ ಯಾವುವು?