ಅರಸನ ‘ಫೇವರಿಟ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್‌ನ ಆಸ್ಥಾನದ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫೇವರಿಟ್’ ಅನ್ನುವ ಒಂದು ಪದಕ್ಕೆ ಮೂರು ದಿನದಿಂದ ಸಿಕ್ಕಿಕೊಂಡಿದ್ದೇನೆ. ಅಲ್ಲಿ ಅದು ಸುಮ್ನೆ ‘ಇಷ್ಟದ’ ಅನ್ನುವ ಅರ್ಥದ್ದಲ್ಲ. ಒಬ್ಬ ಮನುಷ್ಯನ ಸ್ಥಾನಕ್ಕೇ ಆ ಹೆಸರು. ಹುದ್ದೆ, ಬಿರುದು ಬೇಕಾದವರು ಅವನ ಬಾಗಿಲು ಕಾಯುತ್ತಿದ್ದರು.

ನಾನು ಬರೆಯುತ್ತಿರುವುದು ಜಾರ್ಜ್ ವಿಲಿಯರ್ಸ್ ಬಗ್ಗೆ. ಲೆಸ್ಟರ್‌ಶೈರಿನ ಸಾಧಾರಣ ಜಮೀನುದಾರರ ಮನೆಯ ಹುಡುಗ. 1614ರ ಆಗಸ್ಟಿನಲ್ಲಿ ಏಪ್‌ಥಾರ್ಪ್‌ನಲ್ಲಿ ಜೇಮ್ಸ್‌ನ ಕಣ್ಣಿಗೆ ಬಿದ್ದ. ಆಗ ಅವನಿಗೆ ಸುಮಾರು 22 ವರ್ಷ. ಮೊದಲು ಸಿಕ್ಕಿದ್ದು ದೊರೆಗೆ ಪಾನದ ಬಟ್ಟಲು ಹಿಡಿಯುವ ಕೆಲಸ. 1617ಕ್ಕೆ ಅರ್ಲ್ ಎಂಬ ಬಿರುದು, 1619ಕ್ಕೆ ಇಡೀ ನೌಕಾಪಡೆಯ ಮುಖ್ಯಸ್ಥ, 1623ಕ್ಕೆ ಬಕಿಂಗ್‌ಹ್ಯಾಮ್‌ನ ಡ್ಯೂಕ್! ಜೇಮ್ಸ್ ಅವನನ್ನು ‘ಸ್ಟೀನಿ’ ಅಂತ ಕರೆಯುತ್ತಿದ್ದ. ಸಂತ ಸ್ಟೀಫನ್‌ನ ಮುಖ ದೇವದೂತನ ಮುಖದಂತೆ ಕಂಡಿತು ಎಂದು ಬೈಬಲ್ಲಿನಲ್ಲಿದೆ. ಆ ಹೆಸರಿನ ಮುದ್ದಿನ ರೂಪ ಇದು. ವಿಲಿಯರ್ಸ್ ತನ್ನ ಕಾಗದಗಳ ಕೊನೆಗೆ ‘ನಿಮ್ಮ ಗುಲಾಮ, ನಿಮ್ಮ ನಾಯಿ’ ಎಂದು ಸಹಿ ಮಾಡುತ್ತಿದ್ದ.

ಇಂಥವನಿಗೆ ‘ಆಪ್ತ’ ಎಂದರೆ ಸಪ್ಪೆ. ಪೇಪರಿನಲ್ಲಿ ಮಂತ್ರಿಗಳ ‘ಆಪ್ತ’ರ ಸುದ್ದಿ ಓದಿ ಓದಿ ಆ ಪದ ಸವೆದಿದೆ. ‘ಕೃಪಾಪಾತ್ರ’ದಲ್ಲಿ ಪ್ರೀತಿಯ ಬಿಸಿ ಇಲ್ಲ. ‘ಬಲಗೈ ಬಂಟ’ದಲ್ಲಿ ಕೆಲಸ ಇದೆ, ಮುದ್ದು ಇಲ್ಲ. ‘ಮೆಚ್ಚಿನವ’, ‘ನೆಚ್ಚಿನವ’ ಎರಡೂ ಹತ್ತಿರ ಬರುತ್ತವೆ. ಈಗ ನಾವು ‘ನೆಚ್ಚಿನ ನಟ’, ‘ಮೆಚ್ಚಿನ ನಟ’ ಎಂದು ಎರಡನ್ನೂ ಒಂದೇ ಮಾಡಿಬಿಟ್ಟಿದ್ದೇವೆ. ಆದರೆ ಮೆಚ್ಚುವುದು ಮನಸ್ಸಿಗೆ ಹಿಡಿಸುವುದು. ನೆಚ್ಚುವುದು ನಂಬಿ ಆತುಕೊಳ್ಳುವುದು. ಜೇಮ್ಸ್ ಈ ಹುಡುಗನನ್ನು ಮೊದಲು ಮೆಚ್ಚಿದ, ಆಮೇಲೆ ನೆಚ್ಚಿದ. ಎರಡನ್ನೂ ಹೊರುವ ಒಂದು ಪದ ಬೇಕು ನನಗೆ.

ನಿನ್ನೆ ‘ಸಲಿಗೆ’ ನೆನಪಾಯಿತು. ‘ದೊರೆಯ ಸಲಿಗೆಯವ’ ಅಂದರೆ ಹೇಗೆ? ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಬಹುದಾದದ್ದು ಸಲಿಗೆ. ವಿಲಿಯರ್ಸ್‌ಗಿಂತ ಮುಂಚೆ ಈ ಜಾಗದಲ್ಲಿದ್ದ ರಾಬರ್ಟ್ ಕಾರ್‌ಗೆ ಆದದ್ದೂ ಅದೇ. ‘ಸಲಿಗೆಯವ’ ಎಂದು ಪ್ರೀತಿಯಿಂದಲೂ ಹೇಳಬಹುದು, ಹಲ್ಲು ಕಡಿದುಕೊಂಡೂ ಹೇಳಬಹುದು. ಆ ಎರಡನೆಯದು ಮುಖ್ಯ. ಏಕೆಂದರೆ ಜನರ ಬಾಯಲ್ಲಿ ‘ಫೇವರಿಟ್’ ಬೈಗುಳವೂ ಆಗಿತ್ತು. 1626ರಲ್ಲಿ ಪಾರ್ಲಿಮೆಂಟು ವಿಲಿಯರ್ಸ್ ಮೇಲೆ ಆರೋಪ ಹೊರಿಸಿತು. ಅವನನ್ನು ಉಳಿಸಿಕೊಳ್ಳಲು ಜೇಮ್ಸ್‌ನ ಮಗ ಚಾರ್ಲ್ಸ್ (ಆಗ ಅವನೇ ದೊರೆ) ಪಾರ್ಲಿಮೆಂಟನ್ನೇ ವಿಸರ್ಜಿಸಿದ. 1628ರ ಆಗಸ್ಟ್ 23ರಂದು ಪೋರ್ಟ್ಸ್‌ಮತ್‌ನಲ್ಲಿ ಜಾನ್ ಫೆಲ್ಟನ್ ಎಂಬ ಸೇನಾಧಿಕಾರಿ ಅವನನ್ನು ಚಾಕುವಿನಿಂದ ಇರಿದು ಕೊಂದ. ಕೊಂದವನ ಹೆಸರಲ್ಲಿ ಜನ ಪಾನ ಮಾಡಿ ಹರಸಿದರು. ಅಷ್ಟು ಸಿಟ್ಟಿತ್ತು.

ಆದರೆ ‘ಸಲಿಗೆಯವ’ದಲ್ಲಿ ಅಧಿಕಾರದ ತೂಕ ಕಮ್ಮಿಯಾಯಿತು, ಅಲ್ವಾ? ನಿಮ್ಮ ಊರ ಕಡೆ, ಯಜಮಾನರ ಮುದ್ದಿಗೆ ಬಿದ್ದು ಮನೆಯನ್ನೆಲ್ಲ ಆಳುವವನಿಗೆ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಪ್ರಶ್ನೆ. ಬಟ್ಟಲು ಹಿಡಿಯುವವನಿಗೆ ‘ಹಡಪದವ’ ಎನ್ನುವ ಆಸೆ ಆಗುತ್ತಿದೆ. ಹಡಪ ಎಂದರೆ ಎಲೆ ಅಡಿಕೆಯ ಸಂಚಿ, ವಸ್ತು ಬೇರೆ ನಿಜ. ಆದರೆ ಒಡೆಯನ ಪಕ್ಕದಲ್ಲೇ ಸದಾ ಇರುವವನು ಎಂಬ ಭಾವ ನಮಗೆ ತಕ್ಷಣ ಹೊಳೆಯುತ್ತದೆ. ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನವರು ನೆನಪಾಗುತ್ತಾರೆ. ಲಂಡನ್ನಿನ ಅರಮನೆಗೆ ಎಲೆ ಅಡಿಕೆ ತಂದಂತಾಗುತ್ತದೆಯೇ, ಅಥವಾ ‘ಬಟ್ಟಲಿನವ’ ಎಂದು ಹೊಸದಾಗಿ ಕಟ್ಟಲೇ?