ಉದ್ರಿ ಹೆರಾಯಿನ್, ಒಂದು ವಾರ: ಮನೆ ಗುಂಪಿನಲ್ಲಿ ‘ಪುಷರ್’ ಜಗಳ

ಭಾವ: ಟ್ರೈಲರ್ ಹಾಕಿದ್ದೇನೆ, ನೋಡಿ. ‘ಪುಷರ್’, 1996ರ ಡೆನ್ಮಾರ್ಕ್ ಸಿನಿಮಾ. ನಿನ್ನೆ ರಾತ್ರಿ ನೋಡಿದೆ, ಇನ್ನೂ ತಲೆಯಿಂದ ಹೋಗಿಲ್ಲ.

ಚಿಕ್ಕಪ್ಪ: ಮಕ್ಕಳೂ ಇರುವ ಗುಂಪಿದು. ಡ್ರಗ್ಸ್ ಮಾರುವವನ ಸಿನಿಮಾ ಇಲ್ಲಿ ಯಾಕೆ? ಇಂಥದ್ದನ್ನು ನೋಡಿಯೇ ಹುಡುಗರು ಹಾಳಾಗುವುದು. ದಯವಿಟ್ಟು ತೆಗೆಯಿರಿ.

ತಮ್ಮ: ನಾನು ಹಿಂದೆಯೇ ಶುರು ಮಾಡಿ ಅರ್ಧಕ್ಕೆ ಬಿಟ್ಟಿದ್ದೆ. ಕ್ಯಾಮೆರಾ ಅಲ್ಲಾಡುತ್ತಲೇ ಇರುತ್ತದೆ. ಕಾರ್ ಚೇಸ್ ಇಲ್ಲ, ದೊಡ್ಡ ಫೈಟ್ ಇಲ್ಲ. ಕೈಯಲ್ಲಿ ದುಡ್ಡಿಲ್ಲದೆ ತೆಗೆದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ನಾನು: ಚಿಕ್ಕಪ್ಪ, ಮಕ್ಕಳಿಗೆ ಬೇಡ ಅನ್ನುವುದು ಸರಿ. ಹೊಡೆತ ಇದೆ, ಬೈಗುಳ ಇದೆ, ಅವರ ವಯಸ್ಸಿಗೆ ಅಲ್ಲ. ಆದರೆ ಇದನ್ನು ನೋಡಿ ಯಾರಿಗಾದರೂ ಆ ದಂಧೆಯ ಮೇಲೆ ಆಸೆ ಹುಟ್ಟುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕತೆ ಕೇಳಿ. ಕೋಪನ್‌ಹೇಗನ್‌ನಲ್ಲಿ ಫ್ರಾಂಕ್ ಅಂತ ಒಬ್ಬ, ಹೆರಾಯಿನ್ ಮಾರುವವನು. ಮಿಲೋ ಅನ್ನುವವನ ಹತ್ತಿರ ಆಗಲೇ ಸಾಲ ಇದೆ. ಒಂದು ಒಳ್ಳೆ ಗಿರಾಕಿ ಸಿಕ್ಕ ಅಂತ ಅದೇ ಮಿಲೋನಿಂದ ಇನ್ನಷ್ಟು ಮಾಲು ಉದ್ರಿ ತರುತ್ತಾನೆ. ಪೊಲೀಸರು ಬಂದುಬಿಡುತ್ತಾರೆ. ಓಡಿ ಓಡಿ ಕೆರೆಗೆ ಬಿದ್ದು ಮಾಲನ್ನೆಲ್ಲ ನೀರಿಗೆ ಬಿಡುತ್ತಾನೆ. ಸಾಕ್ಷಿ ಇಲ್ಲ, ಹಾಗಾಗಿ ಪೊಲೀಸರು ಬಿಟ್ಟುಬಿಡುತ್ತಾರೆ. ಮಿಲೋ ಬಿಡುವುದಿಲ್ಲ. ಅಲ್ಲಿಂದ ಮುಂದೆ ವಾರದ ಒಂದೊಂದೇ ದಿನದ ಹೆಸರು ತೆರೆ ಮೇಲೆ ಬರುತ್ತದೆ, ಇವನು ದುಡ್ಡಿಗಾಗಿ ಬಾಗಿಲು ಬಾಗಿಲು ತಟ್ಟುತ್ತಾನೆ, ಕೊನೆಗೆ ಅಮ್ಮನ ಮುಂದೆಯೂ ಕೈ ಚಾಚುತ್ತಾನೆ. ಇದರಲ್ಲಿ ಆಸೆಪಡುವಂಥದ್ದು ಏನಿದೆ ಹೇಳಿ?

ಚಿಕ್ಕಪ್ಪ: ಎಲ್ಲ ಸಿನಿಮಾದವರೂ ಕೊನೆಗೆ ಕೆಟ್ಟವನಿಗೆ ಶಿಕ್ಷೆ ಆಯಿತು ಅಂತಲೇ ಹೇಳುತ್ತಾರೆ. ಹುಡುಗರ ತಲೆಯಲ್ಲಿ ಉಳಿಯುವುದು ಕೊನೆ ಅಲ್ಲ, ಅದಕ್ಕೆ ಮುಂಚಿನ ಮೋಜು.

ನಾನು: ಅದು ನಿಜ, ಅದನ್ನೇ ನಾನೂ ಹೇಳುತ್ತಿರುವುದು. ದೊಡ್ಡ ದುಡ್ಡಿನ ಸಿನಿಮಾಗಳಲ್ಲಿ ಎರಡು ಗಂಟೆ ಬಂಗಲೆ, ಸೂಟು, ಹಿನ್ನೆಲೆಯಲ್ಲಿ ಸಂಗೀತ, ಆಮೇಲೆ ಹತ್ತು ನಿಮಿಷ ಸಾವು, ಅದೂ ಸ್ಲೋ ಮೋಷನ್‌ನಲ್ಲಿ. ಇಲ್ಲಿ ಆ ಎರಡು ಗಂಟೆಯೇ ಇಲ್ಲ. ಬಂಗಲೆ ಕಟ್ಟಿಸಲು ಇವರ ಹತ್ತಿರ ದುಡ್ಡಿರಲಿಲ್ಲ. ನಿರ್ದೇಶಕ ನಿಕೋಲಸ್ ವಿಂಡಿಂಗ್ ರೆಫ್ನ್ ಹುಟ್ಟಿದ್ದು 1970ರಲ್ಲಿ, ಇದು ಅವನ ಮೊದಲ ಸಿನಿಮಾ. ಚಿಕ್ಕ ಫ್ಲ್ಯಾಟು, ಬಾರು, ಕಾರಿನ ಒಳಗೆ, ಬೀದಿಯಲ್ಲಿ, ಕ್ಯಾಮೆರಾ ಕೈಯಲ್ಲಿ ಹಿಡಿದುಕೊಂಡೇ ತೆಗೆದಿದ್ದಾನೆ. ತಮ್ಮಾ, ನೀನು ಹೇಳುವ ಅಲ್ಲಾಟ ಅದೇ. ದೃಶ್ಯಗಳನ್ನು ಹೆಚ್ಚುಕಡಿಮೆ ಕತೆ ಸಾಗುವ ಕ್ರಮದಲ್ಲೇ ಶೂಟ್ ಮಾಡಿದರು. ಹಾಗಾಗಿ ಫ್ರಾಂಕ್ ಆದ ಕಿಮ್ ಬೋಡ್ನಿಯಾನ ಮುಖ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗುವುದು ಸುಳ್ಳು ಅನ್ನಿಸುವುದಿಲ್ಲ. ಮೊದಲ ಅರ್ಧದಲ್ಲಿ ಜೊತೆಗಾರನ ಜೊತೆ ಪೋಲಿ ಮಾತಾಡಿಕೊಂಡು ತಿರುಗುವವನೇ ಆಮೇಲೆ ಅದೇ ಜೊತೆಗಾರ ಪೊಲೀಸರ ಮುಂದೆ ಬಾಯಿ ಬಿಟ್ಟ ಅಂತ ಬೇಸ್‌ಬಾಲ್ ಬ್ಯಾಟಿನಲ್ಲಿ ಚಚ್ಚುತ್ತಾನೆ. ಆ ದೃಶ್ಯಕ್ಕೆ ನೀನು ತಲುಪಲೇ ಇಲ್ಲ, ಅಲ್ವಾ?

ತಮ್ಮ: ಇಲ್ಲ ಅಣ್ಣಾ. ಆ ಜೊತೆಗಾರ ಮ್ಯಾಡ್ಸ್ ಮಿಕೆಲ್ಸನ್ ತಾನೇ?

ಭಾವ: ಅವನೇ, ಅವನ ಮೊದಲ ಸಿನಿಮಾ. 2012ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಉತ್ತಮ ನಟ ಆದ. ಅದಕ್ಕೆ ಹಿಂದಿನ ವರ್ಷ ರೆಫ್ನ್‌ಗೆ ಅಲ್ಲೇ ಉತ್ತಮ ನಿರ್ದೇಶಕ ಪ್ರಶಸ್ತಿ ಬಂದಿತ್ತು.

ಅಕ್ಕ: ಪ್ರಶಸ್ತಿ ಇರಲಿ. ನನ್ನ ತಕರಾರು ಬೇರೆ. ಇಡೀ ಸಿನಿಮಾ ಮಾರುವವನ ಕಷ್ಟ ತೋರಿಸುತ್ತದೆ, ನಾವು ಅವನಿಗಾಗಿ ಮರುಗುತ್ತೇವೆ. ಅವನು ಮಾರಿದ್ದನ್ನು ಚುಚ್ಚಿಕೊಂಡವರು ಎಲ್ಲಿ? ಅವರ ಮನೆಯವರು ಎಲ್ಲಿ? ಆ ಹುಡುಗಿ ವಿಕ್‌ಳನ್ನು ಇವನು ಬೇಕಾದಾಗ ಕರೆದುಕೊಂಡು ತಿರುಗುತ್ತಾನೆ, ಬೇಡವಾದಾಗ ತಳ್ಳುತ್ತಾನೆ, ಅವಳ ಬಗ್ಗೆ ಸಿನಿಮಾಕ್ಕೂ ಜಾಸ್ತಿ ಆಸಕ್ತಿ ಇಲ್ಲ.

ನಾನು: ಅಕ್ಕ, ವಿಕ್ ವಿಷಯದಲ್ಲಿ ನಿನ್ನ ಮಾತು ತಳ್ಳಿಹಾಕುವ ಹಾಗಿಲ್ಲ, ಅವಳಿಗೆ ಇನ್ನೂ ಜಾಗ ಬೇಕಿತ್ತು. ಆದರೂ ಕೊನೆಯಲ್ಲಿ ಇದ್ದ ದುಡ್ಡು ಎತ್ತಿಕೊಂಡು ಹೋಗುವವಳು ಅವಳೇ, ನನಗಂತೂ ಆಗ ಫ್ರಾಂಕ್ ಮೇಲೆ ಕನಿಕರ ಬರಲಿಲ್ಲ. (ನೋಡದವರು ಕ್ಷಮಿಸಿ.) ಚುಚ್ಚಿಕೊಂಡವರು ಇಲ್ಲ ಅನ್ನಬೇಡ. ಫ್ರಾಂಕ್‌ಗೆ ದುಡ್ಡು ಕೊಡಬೇಕಾದ ಒಬ್ಬ ವ್ಯಸನಿ ಇದ್ದಾನಲ್ಲ, ಇವರು ವಸೂಲಿಗೆ ಹೋದಾಗ ಕಣ್ಣೆದುರೇ ಪ್ರಾಣ ಕಳೆದುಕೊಳ್ಳುತ್ತಾನೆ. ಮಿಲೋ ಫ್ರಾಂಕ್‌ನ ಕುತ್ತಿಗೆ ಹಿಡಿಯುತ್ತಾನೆ, ಫ್ರಾಂಕ್ ತನಗಿಂತ ಕೆಳಗಿನವನ ಕುತ್ತಿಗೆ ಹಿಡಿಯುತ್ತಾನೆ. ಈ ದಂಧೆಯಲ್ಲಿ ಕೋರ್ಟಿಗೆ ಹೋಗುವ ಹಾಗಿಲ್ಲ, ಕಾಗದಪತ್ರ ಇಲ್ಲ, ಹಾಗಾಗಿ ವಸೂಲಿಗೆ ಉಳಿಯುವುದು ಹೊಡೆತ ಒಂದೇ. ಮಿಲೋ ಕಡೆಯಿಂದ ವಸೂಲಿಗೆ ಬರುವ ರಾಡೊವಾನ್ ಒಂದು ಕಡೆ ಹೋಟೆಲ್ ಇಡಬೇಕು ಅನ್ನುವ ಕನಸು ಹೇಳಿಕೊಳ್ಳುತ್ತಾನೆ, ಇನ್ನೊಂದು ಕಡೆ ಅದೇ ಕೈಯಲ್ಲಿ ಹಿಂಸೆ ಕೊಡುತ್ತಾನೆ. ಅವನಿಗೆ ಫ್ರಾಂಕ್ ಮೇಲೆ ಸಿಟ್ಟೂ ಇಲ್ಲ. ಅದೇ ನನ್ನನ್ನು ಹೆದರಿಸಿದ್ದು.

ಅಕ್ಕ: ಆದರೂ ಒಬ್ಬನೇ ಒಬ್ಬ ವ್ಯಸನಿ, ಅದೂ ಎರಡು ದೃಶ್ಯ. ನನಗೆ ಸಾಲದು ಕಣೋ.

ಭಾವ: ಹಾಗಾದರೆ ಮೂರನೆಯದು ನೋಡು. 2004ರಲ್ಲಿ ಎರಡನೆಯದು ಬಂತು, ಅದು ಜೊತೆಗಾರ ಟೋನಿಯ ಕತೆ. 2005ರದ್ದು ಮಿಲೋನ ಕತೆ. ಅಷ್ಟು ಜನರನ್ನು ನಡುಗಿಸಿದವನೇ ಅಲ್ಲಿ ವ್ಯಸನ ಬಿಡಲು ಸಭೆಗೆ ಹೋಗುತ್ತಾನೆ, ಮಗಳ 25ನೇ ಹುಟ್ಟುಹಬ್ಬದ ದಿನವೇ ಜಾರುತ್ತಾನೆ. ಇನ್ನೊಂದು ವಿಷಯ, ಇವೆರಡನ್ನೂ ರೆಫ್ನ್ ತೆಗೆದದ್ದು ಸಾಲ ತೀರಿಸಲು. 2003ರ ಸಿನಿಮಾ ಸೋತು ಅವನು ಮುಳುಗಿಹೋಗಿದ್ದ.

ಚಿಕ್ಕಪ್ಪ: ಸರಿಯಪ್ಪ, ಒಳ್ಳೆ ಸಿನಿಮಾನೇ ಇರಬಹುದು. ಆದರೆ ಆ ದಂಧೆ ಕೆಟ್ಟದ್ದು ಅಂತ ನಮಗೆ ಗೊತ್ತಿಲ್ಲವೇ? ಅದನ್ನು ತಿಳಿಯಲು ಸಿನಿಮಾ ಬೇಕೇ?

ನಾನು: ಕೆಟ್ಟದ್ದು ಅಂತ ಗೊತ್ತು ಚಿಕ್ಕಪ್ಪ, ಹೇಗೆ ಹಿಡಿಯುತ್ತದೆ ಅನ್ನುವುದು ಗೊತ್ತಿಲ್ಲ. ನಾವು ಮಕ್ಕಳಿಗೆ ‘ಮುಟ್ಟಬೇಡ’ ಅನ್ನುತ್ತೇವೆ, ‘ಇಟ್ಟುಕೋ, ಆಮೇಲೆ ಕೊಡು’ ಅಂದರೆ ಓಡು ಅಂತ ಯಾರೂ ಹೇಳುವುದಿಲ್ಲ. ಬ್ರಿಟನ್‌ನಲ್ಲಿ ‘ಕೌಂಟಿ ಲೈನ್ಸ್’ ಅಂತ ಕರೆಯುವ ಜಾಲಗಳಿವೆ. ದೊಡ್ಡ ಊರಿನ ಗ್ಯಾಂಗ್‌ಗಳು ಚಿಕ್ಕ ಊರುಗಳಿಗೆ ಮಾಲು ಸಾಗಿಸಲು ಶಾಲೆಗೆ ಹೋಗುವ ಮಕ್ಕಳನ್ನೇ ಬಳಸುತ್ತವೆ. ಕೆಲವು ಸಲ ಗ್ಯಾಂಗಿನವರೇ ತಮ್ಮ ಜನರನ್ನು ಕಳಿಸಿ ಆ ಹುಡುಗನಿಂದ ಮಾಲು ದೋಚಿಸುತ್ತಾರೆ, ಆಮೇಲೆ ‘ನೀನು ಕಳೆದೆ, ನೀನೇ ಕೊಡು’ ಅಂತ ಹಿಡಿಯುತ್ತಾರೆ. ಫ್ರಾಂಕ್ ಕೆರೆಗೆ ಬಿಟ್ಟ ಮಾಲಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ಅವನು ದೊಡ್ಡವನು, ಬೇಕಂತಲೇ ಹೋದವನು. ಈ ಮಕ್ಕಳು ಹೆದರಿ ಮನೆಯಲ್ಲಿ ಬಾಯೇ ಬಿಡುವುದಿಲ್ಲ. ಮನೆಯವರು ಬೈಯುತ್ತಾರೆ ಅನ್ನುವ ಭಯ ಸಾಲದವನ ಭಯಕ್ಕಿಂತ ಜಾಸ್ತಿ ಆದರೆ ಮುಗಿಯಿತು.

ಚಿಕ್ಕಪ್ಪ: ಇದು ನನಗೆ ಗೊತ್ತಿರಲಿಲ್ಲ. ಇದನ್ನು ಮಕ್ಕಳಿಗೆ ಬಾಯಲ್ಲೇ ಹೇಳಿ, ನಾನೂ ಹೇಳುತ್ತೇನೆ. ಸಿನಿಮಾ ಮಾತ್ರ ಈ ಗುಂಪಿನಲ್ಲಿ ಬೇಡ. ಅದರಲ್ಲಿ ನನ್ನ ಮಾತು ಬದಲಾಗುವುದಿಲ್ಲ.

ಭಾವ: ತೆಗೆದಿದ್ದೇನೆ ಚಿಕ್ಕಪ್ಪ. ಬೇಕಾದವರಿಗೆ ಬೇರೆಯಾಗಿ ಕಳಿಸುತ್ತೇನೆ.

ತಮ್ಮ: ನನಗೆ ಕಳಿಸಿ ಭಾವ. ಅರ್ಧದಿಂದ ನೋಡುತ್ತೇನೆ.

ನಾನು: ಅರ್ಧದಿಂದ ಬೇಡ, ಮೊದಲಿನಿಂದ ನೋಡು. ಆ ಪೋಲಿ ಮಾತು ಕೇಳಿಸಿಕೊಂಡಿರದಿದ್ದರೆ ಬ್ಯಾಟಿನ ಏಟು ತಾಗುವುದಿಲ್ಲ.