ಹಳ್ಳಕ್ಕೆ ಬೀವರ್ ಬಂದಿದೆ, ಒಡ್ಡು ಒಡೆಯಲೇ?

ಪ್ರಶ್ನೆ: ನಮಸ್ಕಾರ ಸರ್. ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ ನಮ್ಮದು 9 ಎಕರೆ ಜಮೀನು. ಹಿಂದಿನ ಹಳ್ಳಕ್ಕೆ ಬೀವರ್‌ಗಳು (ಹಲ್ಲಿನಿಂದ ಮರ ಕಡಿದು ಹಳ್ಳಕ್ಕೆ ಅಡ್ಡ ಕಟ್ಟುವ ಪ್ರಾಣಿ) ಬಂದು ಒಡ್ಡು ಕಟ್ಟಿವೆ. ಹುಲ್ಲುಗಾವಲಿನಲ್ಲಿ ನೀರು ನಿಂತಿದೆ, ಆರು ಸೇಬಿನ ಮರ ಹೋದವು. ಎರಡು ಸಲ ಒಡ್ಡು ಕಿತ್ತೆ. ಬೆಳಗಾಗುವಷ್ಟರಲ್ಲಿ ಮತ್ತೆ ಕಟ್ಟಿದ್ದವು. ಜೆಸಿಬಿ ತರಿಸಿ ಪೂರ್ತಿ ತೆಗೆಸಲೇ?

ಉತ್ತರ: ದಯವಿಟ್ಟು ಬೇಡ ಸರ್. ನಿಮ್ಮ ರಾಜ್ಯದಲ್ಲಿ ಪರಿಸರ ಇಲಾಖೆಯ ಪರ್ಮಿಟ್ ಇಲ್ಲದೆ ಬೀವರ್‌ನ ಒಡ್ಡನ್ನಾಗಲಿ ಗೂಡನ್ನಾಗಲಿ ಮುಟ್ಟುವಂತಿಲ್ಲ. ಸ್ವಂತ ಜಮೀನಾದರೂ ಅಷ್ಟೇ. ನೀರು ನಿಂತ ಜಾಗದ, ಬಿದ್ದ ಮರಗಳ ಫೋಟೋ ತೆಗೆದು ಮೊದಲು ಅಲ್ಲಿ ಕೇಳಿ. ಇನ್ನೊಂದು ಮಾತು. ಒಮ್ಮೆಲೇ ಒಡ್ಡು ಒಡೆದರೆ ಅಷ್ಟೂ ನೀರು ಕೆಳಗಿನವರ ಹೊಲಕ್ಕೆ ನುಗ್ಗುತ್ತದೆ.

ಹರಿಯುವ ನೀರಿನ ಸದ್ದು ಕೇಳಿದರೆ ಬೀವರ್ ಸುಮ್ನೆ ಕೂರುವುದಿಲ್ಲ. ಸದ್ದು ಬಂದ ಕಡೆ ಕೊಂಬೆ, ಕೆಸರು ತಂದು ತುಂಬುತ್ತದೆ. ನೀವು ಒಡ್ಡು ಕಿತ್ತಾಗ ಆ ಸದ್ದು ಜಾಸ್ತಿಯಾಯಿತು, ಅದಕ್ಕೇ ರಾತ್ರಿಯೆಲ್ಲಾ ಕೆಲಸ ಮಾಡಿವೆ. ಹಾಗಾಗಿ ಸದ್ದಿಲ್ಲದೆ ನೀರು ಇಳಿಸಬೇಕು. ಒಡ್ಡಿನ ಮೂಲಕ ಒಂದಡಿ ಅಗಲದ ಪ್ಲಾಸ್ಟಿಕ್ ಪೈಪ್ ಹಾಯಿಸುತ್ತೇವೆ. ಅದರ ಮೇಲ್ತುದಿ ಒಡ್ಡಿನಿಂದ 20–30 ಅಡಿ ದೂರ, ಆಳದ ನೀರಿನಲ್ಲಿ ಮುಳುಗಿರಬೇಕು. ಆ ತುದಿಗೆ ಗಟ್ಟಿ ತಂತಿ ಬಲೆಯ ದುಂಡನೆ ಪಂಜರ. ನೀರು ಎಲ್ಲಿಂದ ಹೋಗುತ್ತಿದೆ ಅಂತ ಬೀವರ್‌ಗೆ ಗೊತ್ತೇ ಆಗುವುದಿಲ್ಲ. ಒಡ್ಡಿನ ಮೇಲೆ ಪೈಪ್ ಎಷ್ಟು ಎತ್ತರದಲ್ಲಿದೆಯೋ ನೀರು ಅಷ್ಟಕ್ಕೇ ನಿಲ್ಲುತ್ತದೆ. ತೀರಾ ತಗ್ಗಿಸಬೇಡಿ. ಇರಲು ಸಾಕಷ್ಟು ಆಳ ಸಿಗದಿದ್ದರೆ ಅವು ಕೆಳಗಡೆ ಹೊಸ ಒಡ್ಡು ಕಟ್ಟುತ್ತವೆ. ಈ ಕೆಲಸಕ್ಕೂ ಪರ್ಮಿಟ್ ಬೇಕು.

ಉಳಿದ ಮರಗಳಿಗೆ ಇವತ್ತೇ ತಂತಿ ಬಲೆ ಸುತ್ತಿ, ಇದಕ್ಕೆ ಯಾರನ್ನೂ ಕೇಳಬೇಕಿಲ್ಲ. ಎತ್ತರ 4 ಅಡಿ, ಕಾಂಡದಿಂದ ಒಂದು ಗೇಣು ದೂರ. ಬೀವರ್ ಹಿಮದ ಮೇಲೆ ನಿಂತರೆ ಇನ್ನೂ ಮೇಲಕ್ಕೆ ಎಟುಕುತ್ತದೆ, ಹಿಮ ಜಾಸ್ತಿ ಬೀಳುವ ಕಡೆ ಬಲೆ ಎತ್ತರಿಸಿ. ಕೋಳಿ ಬಲೆ ಸಾಲದು, ಕಿತ್ತುಹಾಕುತ್ತವೆ.

ಇನ್ನೊಬ್ಬ ಸದಸ್ಯೆ: ಇದು ನಮ್ಮ ತುಂಗಭದ್ರೆಯ ನೀರುನಾಯಿಯೇ ಅಲ್ವಾ ಸರ್? ಹಿಡಿದು ದೂರ ಬಿಟ್ಟರೆ ಆಗದೇ?

ಉತ್ತರ: ಅಲ್ಲ ಮೇಡಂ. ನೀರುನಾಯಿ ಮೀನು ತಿನ್ನುವ ಪ್ರಾಣಿ. ಬೀವರ್ ಇಲಿ, ಅಳಿಲಿನ ಬಳಗದ್ದು, ತೊಗಟೆ ಮತ್ತು ಗಿಡಗಳೇ ಅದರ ಊಟ. ಅನುಮತಿ ಇಲ್ಲದೆ ಹಿಡಿದು ಬೇರೆಡೆ ಬಿಡುವುದು ತಪ್ಪು. ಬಿಟ್ಟರೂ ಜಾಗ ಖಾಲಿ ಉಳಿಯುವುದಿಲ್ಲ. ಮರಿಗಳು ಸುಮಾರು ಎರಡು ವರ್ಷಕ್ಕೆ ತಾಯಿ-ತಂದೆಯನ್ನು ಬಿಟ್ಟು ಹೊಸ ಹಳ್ಳ ಹುಡುಕುತ್ತಾ ಹೊರಡುತ್ತವೆ. ಒಳ್ಳೆಯ ಹಳ್ಳ ಖಾಲಿ ಕಂಡರೆ ಬಂದು ನೆಲೆಸುತ್ತವೆ. ಪೈಪಿಗೆ ಜಾಗವೇ ಇಲ್ಲದ ಕಡೆ ಮಾತ್ರ, ಪರ್ಮಿಟ್ ಪಡೆದು, ಲೈಸೆನ್ಸ್ ಇರುವವರಿಂದ ಹಿಡಿಸಬೇಕಾಗುತ್ತದೆ. ನನಗೆ ಅದು ಕೊನೆಯ ದಾರಿ. ತುಪ್ಪಳಕ್ಕಾಗಿ ಬೇಟೆಯಾಡಿ ನ್ಯೂಯಾರ್ಕ್‌ನಲ್ಲಿ ಇವು 1900ರ ಹೊತ್ತಿಗೆ ಹೆಚ್ಚುಕಡಿಮೆ ಅಳಿದೇಹೋಗಿದ್ದವು. ಹೊರಗಿನಿಂದ ತಂದು ಬಿಟ್ಟು ಬೆಳೆಸಿದರು. ಈಗ ಅದು ಆ ರಾಜ್ಯದ ಅಧಿಕೃತ ರಾಜ್ಯಪ್ರಾಣಿ.

ಪ್ರಶ್ನೆ ಕೇಳಿದವರು: ಧನ್ಯವಾದ ಸರ್, ಜೆಸಿಬಿ ಬೇಡ ಅಂದುಬಿಟ್ಟೆ. ಪೈಪ್ ಹಾಕಿದ ಮೇಲೆ ಮರೆತುಬಿಡಬಹುದೇ?

ಉತ್ತರ: ಇಲ್ಲ ಸರ್. ಆಗಾಗ ಹೋಗಿ ನೋಡಿ, ಪಂಜರಕ್ಕೆ ಸಿಕ್ಕಿದ ಕಸಕಡ್ಡಿ ತೆಗೆಯಿರಿ. ಈಗ ಒಡ್ಡಿನ ಹಿಂದೆ ನೀರು ಎಷ್ಟು ಆಳ ಇದೆ ಅಂತ ಉದ್ದ ಕೋಲಿನಿಂದ ಅಳೆದು ಇಲ್ಲೇ ಬರೆಯಿರಿ. ಮೂರು ಅಡಿ ಇದ್ದರೆ ಪೈಪ್ ಕೂರಿಸಬಹುದು.